ಬೆಚ್ಚಗಾದ ಪಾದ

ಪ್ರಾಣದೇವರ ಭಕ್ತ ಬಂಧುಗಳೇ,

ಕಳೆದ ಶ್ರಾವಣದ ಏಕಾದಶಿಯ ಬೆಳಿಗ್ಗೆ, ವಿಲೆ ಪಾರ್ಲೆಯ ನಮ್ಮ ಮನೆಯಲ್ಲಿ, ದೇವರ ಪಾತ್ರೆ ತೊಳೆಯುತ್ತಿದ್ದ ನನ್ನ ಪತ್ನಿ ಸುಮತಿ ಗೋಡೆ ಹಿಡಿದು ಕುಳಿತುಬಿಟ್ಟಳು. ಮೈಯೆಲ್ಲ ಬೆವರು, ವಾಂತಿ. ಎದೆನೋವು ಎನ್ನಲಿಲ್ಲ. ನಮ್ಮದು ಹನಿ ನೀರೂ ಕುಡಿಯದ ಉಪವಾಸ. ಪಿತ್ತ ಕೆರಳಿದೆ, ನಾಳೆ ಪಾರಣೆಯಾದರೆ ಸರಿಹೋಗುತ್ತದೆ ಎಂದು ಅವಳೇ ಹೇಳಿದಳು. ನಾನೂ ಒಪ್ಪಿದೆ.

ಪಕ್ಕದ ಮನೆಯ ಸುಲಭಾತಾಯಿ ಹೂ ಕೊಡಲು ಬಂದರು. ಮರಾಠಿಯವರು, ನಮ್ಮ ನೆರೆಯಲ್ಲಿದ್ದೇ ಕನ್ನಡ ಕಲಿತವರು. ಸುಮತಿಯ ಕೈ ಹಿಡಿದು ನೋಡಿದರು.

"ಕಾಕಾ, ಇದು ಉಪವಾಸದ್ದು ಅಲ್ಲ. ಕೈ ಬರ್ಫ್ ಹಾಗೆ ತಣ್ಣಗಿದೆ. ರಿಕ್ಷಾ ತರ್ತೇನೆ."

"ಪೂಜೆ ಅರ್ಧ ಆಗಿದೆ," ಎಂದೆ.

"ದೇವರು ಎಲ್ಲಿ ಹೋಗ್ತಾನೆ? ಇವಳು ಹೋಗ್ತಾಳೆ. ಚಲಾ."

ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಕೂಡಲೇ ಹೃದಯಾಘಾತ ಎಂದರು. ಮುಚ್ಚಿದ್ದ ರಕ್ತನಾಳ ತೆರೆದು ಸ್ಟೆಂಟ್ ಹಾಕಿದರು. ಕಷ್ಟ ತೀರಿತೆಂದು ಕೈಮುಗಿದೆ. ತೀರಿರಲಿಲ್ಲ. ಕುರ್ಲಾದಿಂದ ಓಡಿಬಂದ ಮಗಳು ವಿದ್ಯಾ ಡಾಕ್ಟರರ ಹಿಂದಿಯನ್ನು ತನಗೆ ಬಂದ ಕನ್ನಡದಲ್ಲಿ ಹೇಳಿದಳು.

"ಪಪ್ಪಾ, ನಾಳ ಓಪನ್ ಆಯ್ತು. ಆದ್ರೆ ಹಾರ್ಟ್ ಸರಿಯಾಗಿ ಪಂಪ್ ಮಾಡ್ತಾ ಇಲ್ಲ. ಬೀಪಿ ಔಷಧಿ ಮೇಲೆ ನಿಂತಿದೆ. ಕಾರ್ಡಿಯೋಜೆನಿಕ್ ಶಾಕ್ ಅಂತೆ."

"ತೆರೆದ ಮೇಲೆ ಯಾಕೆ ಪಂಪ್ ಮಾಡುವುದಿಲ್ಲ?"

"ಅದಕ್ಕೆ ಪೆಟ್ಟು ಬಿದ್ದಿದೆ ಪಪ್ಪಾ. ಟೈಮ್ ಬೇಕು."

ನಾನು ಕನ್ನಡ ಶಾಲೆಯಲ್ಲಿ ವ್ಯಾಯಾಮದ ಮಾಸ್ತರನಾಗಿದ್ದವನು. ಸೀಟಿ ಊದಿದರೆ ಸಾಲು ನೆಟ್ಟಗಾಗಬೇಕು. ಇಲ್ಲಿ ಕೇಳಿದ ಮಾತು ಒಂದೂ ಸಾಲಿಗೆ ಬರಲಿಲ್ಲ. ಬೇಗ ತಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ವಯಸ್ಸು ಮಾತ್ರ ನಮ್ಮ ಕಡೆಗಿಲ್ಲ ಎಂದರು. ಸಕ್ಕರೆ ಕಾಯಿಲೆ ಇಲ್ಲದಿರುವುದು ಅನುಕೂಲ. ಆದರೆ ಮೂತ್ರ ಕಡಿಮೆಯಾಗಿದೆ, ಮೂತ್ರಪಿಂಡ ಸೋತರೆ ಕಷ್ಟ. ಹಾಗಾದರೆ ಉಳಿಯುತ್ತಾಳೋ ಇಲ್ಲವೋ? ಅದನ್ನು ಹೇಳಲಿಲ್ಲ. "ಪಾದ ಮುಟ್ಟಿ ನೋಡಿ. ರಕ್ತ ಅಲ್ಲಿಗೆ ಸರಿಯಾಗಿ ತಲುಪುತ್ತಿಲ್ಲ. ಬೆಚ್ಚಗಾಗತೊಡಗಿದರೆ ನಮಗೂ ಧೈರ್ಯ," ಎಂದರು.

ಮನೆಗೆ ಬಂದು ಸ್ನಾನ ಮಾಡಿ, ಅರ್ಧಕ್ಕೆ ನಿಂತ ಪೂಜೆಗೆ ಕುಳಿತೆ. ಬಾಲ್ಯದಿಂದ ದಿನವೂ ಹೇಳಿದ ಸ್ತೋತ್ರ ನಡುವೆ ತಪ್ಪಿತು. ಮತ್ತೆ ಮೊದಲಿನಿಂದ ಶುರುಮಾಡಿದೆ, ಮತ್ತೆ ತಪ್ಪಿತು. ಏನು ಕೇಳಿಕೊಳ್ಳಬೇಕೆಂದೂ ತಿಳಿಯಲಿಲ್ಲ. ಹೃದಯಕ್ಕೆ ಕೇಳಲೋ, ಮೂತ್ರಪಿಂಡಕ್ಕೆ ಕೇಳಲೋ?

ಐಸಿಯುಗೆ ಬಿಡುವ ಸಮಯವೂ ನಮ್ಮ ಮನೆಯ ದೀಪದ ಸಮಯವೂ ಒಂದೇ. ದೀಪವನ್ನು ಸುಲಭಾತಾಯಿಗೆ ಒಪ್ಪಿಸಿ ಹೋದೆ. ಮದುವೆಯ ದಿನ ಕಾಲುಂಗುರ ತೊಡಿಸಿದ ಮೇಲೆ ಸುಮತಿಯ ಪಾದವನ್ನು ನಾನು ಮುಟ್ಟಿದವನಲ್ಲ. ಹಬ್ಬದಲ್ಲಿ ನನ್ನ ಪಾದ ಮುಟ್ಟಿ ನಮಸ್ಕರಿಸುವವಳು ಅವಳು. ಆಸ್ಪತ್ರೆಯವರು ಕಾಲುಂಗುರ ತೆಗೆದಿದ್ದರು, ಬೆರಳಿನಲ್ಲಿ ಗುರುತು ಮಾತ್ರ ಇತ್ತು. ಎರಡೂ ಪಾದ ಹಿಡಿದೆ. ತಣ್ಣಗಿದ್ದವು. ಮಂತ್ರ ಬರಲಿಲ್ಲ. ಸಮಯ ಮುಗಿಯಿತು ಎನ್ನುವವರೆಗೆ ಹಾಗೆಯೇ ಹಿಡಿದುಕೊಂಡಿದ್ದೆ.

ಮರುದಿನವೂ ತಣ್ಣಗೇ ಇದ್ದವು. ಅದರ ಮರುದಿನ ಸಂಜೆ ಹಿಮ್ಮಡಿಯಲ್ಲಿ ಸ್ವಲ್ಪ ಬಿಸಿ ತಿಳಿಯಿತು. ನನ್ನ ಕೈಯದೇ ಬಿಸಿಯೋ ಎಂದು ಅನುಮಾನವಾಗಿ ಕೈ ತೆಗೆದು ಮತ್ತೆ ಇಟ್ಟೆ. ಪಾದ ಸರಕ್ಕನೆ ಹಿಂದಕ್ಕೆ ಹೋಯಿತು.

"ಎಂಥದಿದು, ನನ್ನ ಕಾಲು ಮುಟ್ಟುವುದು?" ಆಕ್ಸಿಜನ್ ಮುಖವಾಡದೊಳಗಿನಿಂದ ಸಣ್ಣ ದನಿ. "ಯಾರಾದರೂ ನೋಡಿದರೆ?"

"ನೋಡಲಿ."

"ಪಾರಣೆ ಆಯಿತಾ ನಿಮ್ಮದು?"

ಆಗಿರಲಿಲ್ಲ. ದ್ವಾದಶಿ ಯಾವಾಗ ಕಳೆಯಿತೆಂದೇ ನನಗೆ ಗೊತ್ತಾಗಿರಲಿಲ್ಲ.

ಈಗ ಮನೆಯಲ್ಲಿದ್ದಾಳೆ. ಹೃದಯ ದುರ್ಬಲ, ಉಪ್ಪು ಕಡಿಮೆ, ಉಪವಾಸ ಬೇಡವೆಂದಿದ್ದಾರೆ. ಬೇಗ ತಂದದ್ದರಿಂದ, ಮೂತ್ರಪಿಂಡ ಚೇತರಿಸಿದ್ದರಿಂದ ಉಳಿದರು ಎಂದು ಡಾಕ್ಟರು ಹೇಳುತ್ತಾರೆ. ತಾನು ಹಚ್ಚಿದ ದೀಪವೇ ಉಳಿಸಿತು ಎನ್ನುತ್ತಾರೆ ಸುಲಭಾತಾಯಿ. ಯಾವ ಸ್ತೋತ್ರ ಎಷ್ಟು ಸಲ ಹೇಳಿದಿರಿ ಎಂದು ನೀವು ಕೇಳುತ್ತೀರಿ. ಒಂದನ್ನೂ ಪೂರ್ತಿ ಹೇಳಲಿಲ್ಲ. ತಪ್ಪಿದ ಮಂತ್ರವನ್ನೂ, ಹೂ ಹಿಡಿದು ಬಂದ ನೆರೆಯವರ ಕೈಯನ್ನೂ ಪ್ರಾಣದೇವರು ಹೇಗೆ ಜೋಡಿಸಿದನೋ ನನಗೆ ತಿಳಿಯದು. ಜೋಡಿಸಿದವನು ಅವನೇ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಸಂಜೆ ದೀಪವಾದ ಮೇಲೆ ಈಗಲೂ ಅವಳ ಪಾದ ಮುಟ್ಟಿ ನೋಡುತ್ತೇನೆ. ಅವಳು ಗದರಿ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಆಮೇಲೆ ದೇವರ ಕಡೆ ತಿರುಗಿ ಕೈಮುಗಿಯುತ್ತೇನೆ.