ಬಿಸಿಲಲ್ಲಿ ಕಾದ ತೋಟಾ

ಇವತ್ತು ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದರೆ ಎಣ್ಣೆ ಹೆಪ್ಪುಗಟ್ಟಿತ್ತು. ಬಿಸಿಲಿಗಿಡಲು ಅಂಗಳಕ್ಕೆ ಬಂದವಳು ಬಾಟಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಪಕ್ಕದ ಮನೆಯ ಕಾಕಾ ನೆನಪಾದರು. ಬಂದೂಕಿನ ಮದ್ದಿನ ಗುಣವನ್ನು ಅವರು ನನಗೆ ಹೇಳಿದ್ದು ಇಂಥದೇ ಒಂದು ಬಾಟಲಿ ತೋರಿಸಿ.

"ಮದ್ದೂ ಹಿಂಗ ನೋಡವಾ. ಥಂಡ್ಯಾಗ ಅದಕ್ಕ ಆಲಸ್ಯ, ಬಿಸಲಾಗ ಅವಸರ."

ನಾನು ಮದುವೆಯಾಗಿ ಐನಾಪುರಕ್ಕೆ ಬಂದಾಗ ಕಾಕಾ ಮಿಲಿಟರಿಯಿಂದ ನಿವೃತ್ತರಾಗಿ ಊರು ಸೇರಿದ್ದರು. ಮಿಲಿಟರಿಯಲ್ಲಿ ಅವರದು ಬಂದೂಕು ರಿಪೇರಿಯ ಕೆಲಸವಂತೆ. ಪರವಾನಗಿ ಇದ್ದ ಒಂದು ರೈಫಲ್ ಇತ್ತು. ಹೊಳೆದಂಡೆಯ ಮುಳ್ಳುಕಂಟಿಯಿಂದ ಕಾಡುಹಂದಿ ಹೊಲಕ್ಕೆ ನುಗ್ಗಿ ಜನರ ಮೈಮೇಲೆ ಬಂದರೆ, ಅರಣ್ಯ ಇಲಾಖೆಯವರು ಅಪ್ಪಣೆ ಕೊಟ್ಟು ಅವರನ್ನೇ ಕರೆಯುತ್ತಿದ್ದರು. ಅದಕ್ಕೆ ಬೇಕಾದ ಗುಂಡು-ಮದ್ದಿನ ತೋಟಾಗಳನ್ನು ಕಾಕಾ ತಾವೇ ತುಂಬಿಕೊಳ್ಳುವರು. ಚಳಿಗಾಲದ ಮುಂಜಾನೆ ಪಡಸಾಲೆಯಲ್ಲಿ ಕನ್ನಡಕ ಏರಿಸಿ, ಅಕ್ಕಸಾಲಿಗರ ತಕ್ಕಡಿಯಂಥದರಲ್ಲಿ ಮದ್ದು ತೂಗುತ್ತ ಕೂತರೆ ಯಾರು ಕರೆದರೂ ಓ ಅನ್ನುತ್ತಿರಲಿಲ್ಲ. ಅವರ ಹೆಂಡತಿ, ಕೊಲ್ಲಾಪುರದ ಕಡೆಯ ಕಾಕು, ಒಳಗಿನಿಂದಲೇ ಹೇಳುವರು, "ಅಹೋ, ಅದನ್ನ ಎತ್ತಿಟ್ಟ ಮ್ಯಾಲ ಹೇಳ್ರಿ. ಅಲ್ಲೀತನಕಾ ನಾ ಒಲಿ ಹಚ್ಚಂಗಿಲ್ಲ."

ತುಂಬಿದ ಮೇಲೆ ಕಲ್ಲಿನ ಖಣಿಗೆ ಹೋಗಿ, ದೂರದಲ್ಲಿ ರಟ್ಟು ನಿಲ್ಲಿಸಿ ಗುರಿ ನೋಡಿಕೊಂಡು ಬರುತ್ತಿದ್ದರು. ಅದೂ ಆ ತಂಪು ಹೊತ್ತಿನಲ್ಲೇ...

ಒಂದು ಬೇಸಿಗೆಯಲ್ಲಿ ದೊಡ್ಡ ಹಂದಿಯೊಂದು, ಕಳೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳ ತೊಡೆ ಸೀಳಿತು. ಅವಳನ್ನು ದವಾಖಾನೆಗೆ ಒಯ್ದರು. ಮರುದಿನ ಮಧ್ಯಾಹ್ನ ಕಾಕಾನಿಗೆ ಅಪ್ಪಣೆ ಬಂತು. ಅವರು ಇಲಾಖೆಯವರೊಡನೆ ಮಾತು ಮುಗಿಸಿ ಬರುವವರೆಗೆ ತೋಟಾದ ಡಬ್ಬಿ ಮೋಟರ್‌ಸೈಕಲ್ಲಿನ ಪೆಟ್ಟಿಗೆಯಲ್ಲಿ ಉರಿಬಿಸಿಲಿಗೆ ನಿಂತಿತ್ತು. ನಮ್ಮ ಹೊಲದ ಬದುವಿನ ಮೇಲೆ ಡಬ್ಬಿ ತೆರೆದು, ಒಂದು ತೋಟಾ ಅಂಗೈಯಲ್ಲಿ ಹಿಡಿದು ನೋಡಿದರು. ಮುಖ ಸಣ್ಣದಾಯಿತು.

"ಇವು ಭಾಳ ಕಾದಾವ. ಗುಂಡು ಮ್ಯಾಲ ಹೋಗ್ತದ. ನೆರಳಾಗ ಇಡೂಣು. ಹೊತ್ತು ಇಳೀಲಿ."

ಸುತ್ತಲಿದ್ದವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಯಾರೋ ಹಿಂದಿನಿಂದ, "ಕಾಕಾಗ ಅಂಜಿಕಿ ಬಂದೈತಿ ಕಾಣ್ತದ" ಅಂದ. ಕಾಕಾ ತಿರುಗಿ ನೋಡಲಿಲ್ಲ. ಅಷ್ಟರಲ್ಲಿ ಹಂದಿಯೇ ಗೋವಿನಜೋಳದಿಂದ ಹೊರಬಿತ್ತು. ಅದರ ಆಚೆ ದಾರಿಯಲ್ಲಿ ಬುತ್ತಿ ಹೊತ್ತ ಹೆಂಗಸರು ಬರುತ್ತಿದ್ದರು. ಕಾಕಾ ಕಾಯಲಿಲ್ಲ. ಹೆಂಗಸರು ಗುಂಡಿನ ದಾರಿಗೆ ಬರುವ ಮೊದಲೇ ರೈಫಲ್ ಎತ್ತಿ, ಅಂದಾಜಿನ ಮೇಲೆ ತುಸು ಕೆಳಗೆ ಗುರಿ ಹಿಡಿದು ಹೊಡೆದರು.

ಆ ಅಂದಾಜು ಸಾಲಲಿಲ್ಲ. ಗುಂಡು ಮೇಲೆ ಹೋಗಿ ಹಂದಿಯ ಬೆನ್ನನ್ನು ಸೀಳಿತು. ಅದು ಕಿರುಚಿ ಬಿದ್ದು, ಎದ್ದು, ಆಳೆತ್ತರದ ಕಬ್ಬಿನೊಳಗೆ ಹೊಕ್ಕಿತು.

ಹೆಂಗಸರು ಉಳಿದಿದ್ದರು. ಜನಕ್ಕೆ ಅಷ್ಟು ಸಾಕಾಗಿತ್ತು. "ಬಿಡ್ರಿ ಕಾಕಾ, ಒಳಗ ಸಾಯ್ತೈತಿ" ಅಂದರು. ಕಾಕಾ ತಲೆಯಾಡಿಸಿದರು.

"ನೋವು ತಿಂದು ಸಾಯ್ತೈತಿ. ಅದು ನಾ ಮಾಡಿದ್ದು."

ಕಾಕಾ ಕಬ್ಬಿನೊಳಗೆ ಹೊರಟರು. ಗಾಯಗೊಂಡ ಹಂದಿ ಎಂಥದ್ದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ನಮ್ಮ ಮನೆಯವರು ಕೊಡಲಿ ಹಿಡಿದು ಅವರ ಹಿಂದೆಯೇ ಹೋದರು. ಕಾಕು ಓಡಿ ಬಂದು ನನ್ನ ಪಕ್ಕ ಬದುವಿನ ಮೇಲೆ ಕೂತರು. ಇಬ್ಬರೂ ಕಬ್ಬಿನ ಒಣ ಎಲೆಯ ರವದಿ ಸರಿಯುವ ಸಪ್ಪಳ ಆಲಿಸುತ್ತಿದ್ದೆವು. ಅದೂ ನಿಂತಿತು... ಕಾಕು ನನ್ನ ಮಣಿಕಟ್ಟು ಹಿಡಿದ ಹಿಡಿತಕ್ಕೆ ಬಳೆ ಒಡೆದದ್ದು ಮನೆಗೆ ಹೋದಮೇಲೆ ಕಂಡಿತು.

ಬಿಸಿಲು ಇಳಿಯುವ ಹೊತ್ತಿಗೆ ಒಂದೇ ಒಂದು ಗುಂಡಿನ ಸದ್ದು. ಆಮೇಲೆ ಇಬ್ಬರೂ ಹೊರಬಂದರು. ಕಬ್ಬಿನ ಎಲೆ ಕೊಯ್ದು ಕಾಕಾನ ಮುಖದ ತುಂಬ ಗೀರು. ಹುಡುಗರು ಮೊಬೈಲ್ ಹಿಡಿದು, "ಹಂದಿ ಕೂಡ ಒಂದ ಫೋಟೋ ನಿಂದರ್ರಿ" ಅಂದರೆ, ರೈಫಲ್ ಹೆಗಲಿಗೆ ಹಾಕಿ ಮನೆಯ ಕಡೆ ನಡೆದುಬಿಟ್ಟರು.

ಗಾಯ ಮಾಗಿದ ಮೇಲೆ ಆ ಹೆಣ್ಣುಮಗಳು ಕುಂಟುತ್ತ ಬಂದು ಕೈ ಮುಗಿದಳು. ಕಾಕಾ ಅವಳನ್ನು ಕಟ್ಟೆಯ ಮೇಲೆ ಕೂರಿಸಿ, "ಒಂದ ಗುಂಡಿಗೆ ಮುಗಿಸಬೇಕಿತ್ತವಾ. ಆಗಲಿಲ್ಲ" ಅಂದರು. ಅವಳು ಮತ್ತೊಮ್ಮೆ ಕೈ ಮುಗಿದು ಎದ್ದಳು.

ಮುಂದಿನ ಬೇಸಿಗೆ ಅವರು ಸುಡುವ ಮಧ್ಯಾಹ್ನವೇ ಖಣಿಗೆ ಹೋಗತೊಡಗಿದರು. ಒಮ್ಮೆ ನಾನು ಮಜ್ಜಿಗೆ ಒಯ್ದಾಗ ಎರಡು ರಟ್ಟು ಪಕ್ಕಪಕ್ಕ ಇಟ್ಟು ತೋರಿಸಿದರು. ಚಳಿಯಲ್ಲಿ ಹೊಡೆದ ತೂತುಗಳು ನಡುವೆ ಇದ್ದವು. ಬಿಸಿಲಲ್ಲಿ ಹೊಡೆದವು ಅಂಗೈಯಗಲ ಮೇಲೆ.

"ಅದ ತೋಟಾ, ಅದ ಕೈ. ಬಿಸಲು ಒಂದ ಬ್ಯಾರೆ. ನನಗ ಗೊತ್ತಿತ್ತು. ಎಷ್ಟಂತ ನೋಡಿರಲಿಲ್ಲ."

ಮಜ್ಜಿಗೆ ಕುಡಿದು ರಟ್ಟುಗಳನ್ನು ಎತ್ತಿಟ್ಟರು. ಅಲ್ಲಿಂದ ಮುಂದೆ ಬೇಸಿಗೆಗೆಂದು ಮದ್ದಿನ ತೂಕ ಬದಲಿಸಿ ತೋಟಾಗಳನ್ನು ಬೇರೆಯೇ ತುಂಬಿ, ನೀರಿನ ಮಣ್ಣಿನ ಹರವಿಯ ಹತ್ತಿರ ನೆರಳಿನಲ್ಲಿಡುತ್ತಿದ್ದರು.

ಕಾಕಾ ತೀರಿಕೊಂಡ ಮೇಲೆ ಕಾಕು ರೈಫಲ್ಲನ್ನು ಠಾಣೆಗೆ ಒಪ್ಪಿಸಿ ಮಗಳ ಊರಿಗೆ ಹೋದರು.

ಹೋದ ಬೇಸಿಗೆ ಮತ್ತೆ ಹಂದಿ ಬಂದಿತ್ತು. ಬೇರೆ ಕಡೆಯಿಂದ ಕರೆಸಿದವರೊಬ್ಬರು ನಡುಮಧ್ಯಾಹ್ನ ಜೀಪಿನಿಂದಲೇ ಹೊಡೆದರು. ಹಂದಿ ಕುಂಟುತ್ತ ಕಬ್ಬು ಸೇರಿತು. ಅವರು ತುಸು ಹೊತ್ತು ನಿಂತು ನೋಡಿ, ಚಹಾ ಕುಡಿದು ಹೊರಟುಹೋದರು. ಜನವೂ ಚದುರಿತು. ನಾನು ಬದುವಿನ ಮೇಲೆ ನಿಂತೇ ಇದ್ದೆ. ಒಳಗೆ ಎಲ್ಲೋ ಅದು ನರಳುತ್ತಿತ್ತು. ರೈಫಲ್ ಹಿಡಿದು ಅದರ ಹಿಂದೆ ಹೋಗಲು ಈಗ ಯಾರೂ ಇರಲಿಲ್ಲ.