ಅನುದಾನದ ಮನೆಗೆ ಬಂದ ಸಾರ್ವಜನಿಕರು

ಕಳೆದ ವಾರ ನಮ್ಮ ಕಚೇರಿಯ ಹಿಂದಿನ ಗೋಡೆಗೆ ಸುಣ್ಣ ಬಳಿದರು. ಮೂಡಿಗೆರೆಯಲ್ಲಿ ಈಗ ಸುಣ್ಣ ಬಳಿಸುವವರು ಕಡಿಮೆ, ಎಲ್ಲರದ್ದೂ ಡಬ್ಬಿ ಪೇಂಟೇ. ಆದರೆ ಸರ್ಕಾರಿ ಕಚೇರಿಯ ಹಿಂದಿನ ಗೋಡೆಗೆ ಪೇಂಟು ಯಾರು ಹೊಡೆಸುತ್ತಾರೆ ಹೇಳಿ. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಲಿದ್ದ ಫೈಲನ್ನು ಹಾಗೇ ಇಟ್ಟು ದೊಡ್ಡಮನೆಯನ್ನು ನೆನೆಯುತ್ತ ಕೂತೆ.

ದೊಡ್ಡಮನೆ ಅಂದರೆ ಜಾವಳಿ ಕಡೆಯ ಒಂದು ಕಾಫಿ ಎಸ್ಟೇಟಿನ ಗೌಡರ ಮನೆ. ನನ್ನ ಅವ್ವ ಆ ಎಸ್ಟೇಟಿನಲ್ಲಿ ಆಳು. ನಾನು ಹುಟ್ಟಿ ಬೆಳೆದದ್ದು ಅಲ್ಲಿಯ ಕೂಲಿ ಲೈನಿನಲ್ಲಿ, ಆಳುಗಳ ಸಾಲುಮನೆಗಳ ಕೊನೆಯ ಮನೆಯಲ್ಲಿ. ಇಡೀ ಲೈನಿನಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತೇನೆ. ಸಿಗದಿದ್ದಾಗಲೂ ಹೇಳುತ್ತೇನೆ. ಚಿಕ್ಕಮಗಳೂರಿನ ಹಾಸ್ಟೆಲಿನ ತಿಳಿಸಾರು ಕುಡಿದು ಪಾಸಾದವರಿಗೆ ಅಷ್ಟು ಜಂಬ ಇರಬಾರದೇ?

ಡಿಗ್ರಿ ಆಯಿತು, ಕೆಲಸ ಆಗಲಿಲ್ಲ. ಆಗ ಗೌಡರೇ ಕರೆಸಿ ರೈಟರ್ ಕೆಲಸ ಕೊಟ್ಟರು. ಎಸ್ಟೇಟಿನಲ್ಲಿ ರೈಟರ್ ಅಂದರೆ ಆಳುಗಳ ಹಾಜರಿ ಬರೆಯುವವರು. ದೊಡ್ಡಮನೆಯ ಪಕ್ಕದ ಒಂದು ಕೋಣೆಯೇ ಆಫೀಸು. ಅದಕ್ಕೆ ಅಂಗಳದಿಂದ ಒಂದು ಬಾಗಿಲು, ಮನೆಯೊಳಕ್ಕೆ ಇನ್ನೊಂದು. ಒಳಗಿನ ಬಾಗಿಲಿಗೆ ಆಚೆಯಿಂದ ಚಿಲಕ. ಅದು ಯಾಕೆ ತೆಗೆಯುವುದಿಲ್ಲ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಲೈನಿನವರು ಅಂಗಳದವರೆಗೆ ಬರುವವರು, ಜಗಲಿ ಹತ್ತುವವರಲ್ಲ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಟ್ಟಿದ್ದರೆ ಯಾರಾದರೂ ಒಬ್ಬರು ಮರೆಯುತ್ತಿದ್ದರೋ ಏನೋ.

ಗೌಡರು ಕೆಟ್ಟವರೇನಲ್ಲ. ಜ್ವರ ಬಂದವರನ್ನು ತಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಸಾಗಿಸುತ್ತಿದ್ದರು. ಬೈದರೆ ತೋಟಕ್ಕೆಲ್ಲ ಕೇಳುವಂತೆ ಬೈದು, ಮಧ್ಯಾಹ್ನಕ್ಕೆ ಮರೆಯುತ್ತಿದ್ದರು. ಅವರಿಗಿದ್ದ ದೊಡ್ಡ ಚಿಂತೆ ಮನೆಯ ಚಾವಡಿಯದು. ಮುತ್ತಜ್ಜ ಕಟ್ಟಿಸಿದ ಚಾವಡಿ, ಹಲಸಿನ ಮರದ ಕೆತ್ತನೆ ಕಂಬಗಳು, ಮೇಲೆ ಕೈಹೆಂಚು. ತೊಲೆಗಳಿಗೆ ಗೆದ್ದಲು ಹಿಡಿದು ಹೆಂಚಿನ ಮಾಡು ಒಂದು ಕಡೆ ಕುಸಿಯತೊಡಗಿತ್ತು. ಇದು ಎರಡು ಸಾವಿರದ ಇಸವಿ ದಾಟಿದ ಹೊಸತು, ಕಾಫಿಗೆ ರೇಟೇ ಇಲ್ಲದ ಕಾಲ. ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳು ಗೋಡೌನಿನಲ್ಲೇ ಕೂತಿದ್ದವು. ಕೆಲವು ಮನೆಯವರು ಕಂಬಗಳನ್ನು ಕಿತ್ತು ಪೇಟೆಯ ಹೋಟೆಲಿನವರಿಗೆ ಮಾರಿದ್ದರು. ಗೌಡರ ಹತ್ತಿರವೂ ಒಬ್ಬ ಬಂದು ಕಂಬ ತಟ್ಟಿ ನೋಡಿ ಹೋಗಿದ್ದ. ಅವತ್ತು ಗೌಡರು ಊಟ ಮಾಡಲಿಲ್ಲ ಎಂದು ಅಡುಗೆಯವಳು ಬಂದು ಹೇಳಿದಳು.

ಅಂಥ ಹೊತ್ತಿಗೆ, ಖಾಸಗಿಯವರ ಹಳೆಯ ಕಟ್ಟಡಗಳ ರಿಪೇರಿಗೆ ಸರ್ಕಾರ ಅನುದಾನ ಕೊಡುತ್ತದೆ ಎಂಬ ಸುದ್ದಿ ಬಂತು. ಆದೇಶವನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ. ಸಿಮೆಂಟು ಮುಟ್ಟಬಾರದು, ಸುಣ್ಣದ ಗಾರೆಯೇ ಆಗಬೇಕು. ಮಂಗಳೂರು ಹೆಂಚು ಹಾಕಬಾರದು. ತಿಂಗಳಿಗೊಂದು ಭಾನುವಾರ ಕಟ್ಟಡವನ್ನು ಸಾರ್ವಜನಿಕರಿಗೆ ತೆರೆದಿಡಬೇಕು. ಅನುದಾನ ಎರಡು ಕಂತು. ಸಾರ್ವಜನಿಕರು ಬಂದು ನೋಡುತ್ತಿದ್ದಾರೆ ಎಂದು ಇಲಾಖೆಯವರಿಗೆ ಖಾತ್ರಿಯಾದ ಮೇಲೆಯೇ ಎರಡನೆಯದು.

ಗೌಡರು ಪೂರ್ತಿ ಕೇಳಿಸಿಕೊಂಡು, "ಅಳಿಯ ದುಡ್ಡು ತಗಂಡು ಷರತ್ತು ಹಾಕ್ತಾನೆ, ಈ ಸರ್ಕಾರ ದುಡ್ಡು ಕೊಟ್ಟು ಷರತ್ತು ಹಾಕ್ತದಲ್ಲ ಮಾರಾಯ್ತಿ" ಎಂದರು. ಆದರೂ ಸಹಿ ಹಾಕಿದರು.

ಚಳಿ ಕಳೆಯುತ್ತಲೇ ಹೆಂಚು ಇಳಿಸಿದರು. ಸುಣ್ಣ ಅರೆಯುವ ವಾಸನೆ ಆಫೀಸಿಗೂ ಬಂತು. ಮೊದಲ ಕಂತಿಗೆ ಗೋಡೆ, ತೊಲೆ ಸರಿಯಾದವು. ಮಾಡಿನ ಅರ್ಧಕ್ಕೆ ಹೆಂಚು ಕೂತಿತು, ಇನ್ನರ್ಧಕ್ಕೆ ನೀಲಿ ಟಾರ್ಪಾಲು. ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆಯನ್ನು ಟಾರ್ಪಾಲು ಹೇಗೋ ತಡೆಯಿತು. ಜೂನ್ ಮಳೆಯನ್ನು ತಡೆಯುವ ಟಾರ್ಪಾಲನ್ನು ನಮ್ಮ ಕಡೆ ಇನ್ನೂ ಯಾರೂ ಕಂಡಿಲ್ಲ. ಎರಡನೆಯ ಕಂತು ಬರದಿದ್ದರೆ ಚಾವಡಿ ಆ ಮಳೆಗಾಲ ದಾಟುತ್ತಿರಲಿಲ್ಲ.

ಇಲಾಖೆಯ ಎಂಜಿನಿಯರ್ ಬರುವ ಭಾನುವಾರ ಗೊತ್ತಾಯಿತು. ಸಾರ್ವಜನಿಕರಿಗೆ ಸ್ವಾಗತ ಎಂದು ನಾನೇ ಬೋರ್ಡು ಬರೆದು ಗೇಟಿಗೆ ಕಟ್ಟಿದೆ. ಅದುವರೆಗೆ ಆ ಗೇಟಿನಲ್ಲಿದ್ದ ಬೋರ್ಡು ಇದಕ್ಕೆ ಪೂರಾ ಉಲ್ಟಾ. ಗೌಡತಿಯಮ್ಮ ಏಲಕ್ಕಿ ಹಾಕಿ ಪಾನಕ ಮಾಡಿಸಿದರು. ಪೇಟೆಯಿಂದ ಬಾಡಿಗೆ ಕುರ್ಚಿ ಬಂದವು. ಸಾರ್ವಜನಿಕರು ಕಾರಿನಲ್ಲಿ ಬರುತ್ತಾರೆಂದು ಕಾಫಿ ಒಣಗಿಸುವ ಕಣವನ್ನು ಗುಡಿಸಿಟ್ಟಿದ್ದರು.

ಎಂಜಿನಿಯರ್ ಬಂದರು. ಸಣ್ಣ ಪ್ರಾಯದವರು, ಕುತ್ತಿಗೆಗೆ ಕ್ಯಾಮರಾ. ಗಾರೆ ನೋಡಿ ಮೆಚ್ಚಿದರು, ಕಂಬ ನೋಡಿ ಮೆಚ್ಚಿದರು, ಪಾನಕ ಕುಡಿದರು. ಆಮೇಲೆ ಖಾಲಿ ಕುರ್ಚಿಗಳ ಕಡೆ ನೋಡಿ, ಸಾರ್ವಜನಿಕರು ಎಲ್ಲಿ ಎಂದು ಕೇಳಿದರು. ಬರುತ್ತಾರೆ, ಪೇಟೆಯಿಂದ ಬರಬೇಕಲ್ಲ, ತಡವಾಗುತ್ತದೆ ಎಂದರು ಗೌಡರು. ಹನ್ನೆರಡಾಯಿತು. ಕಣದಲ್ಲಿ ಒಂದು ಕಾರೂ ನಿಲ್ಲಲಿಲ್ಲ. ಬೆಳಗಿನಿಂದ ಲೈನಿನ ಜನ ಮಾತ್ರ ಆ ಬೋರ್ಡಿನ ಪಕ್ಕದಲ್ಲೇ ಹೋಗಿ ಬರುತ್ತಿದ್ದರು. ಓದಲು ಬರುವವರೂ ಅವರಲ್ಲಿದ್ದರು. ಓದಿ, ಯಾರೋ ದೊಡ್ಡವರು ಬರುತ್ತಾರೆಂದು ದಾರಿ ಬಿಟ್ಟು ಅಂಚಿನಲ್ಲಿ ನಡೆಯುತ್ತಿದ್ದರು.

ಅಷ್ಟರಲ್ಲಿ ಅವ್ವ ಮತ್ತು ನಾಲ್ಕಾರು ಹೆಂಗಸರು ಸೌದೆ ಹೊರೆ ಹೊತ್ತು ಅಂಗಳದಾಚೆ ಬಂದರು. ಎಂಜಿನಿಯರ್ ಅವರನ್ನು ತೋರಿಸಿ ಯಾರು ಎಂದು ಕೇಳಿದರು.

"ಅವ್ರು ನಮ್ಮೋರೇ ಸರ್, ಲೈನಿನೋರು" ಎಂದರು ಗೌಡರು.

"ಹಾಗಾದ್ರೆ ಅವ್ರು ಮನೆ ನೋಡಿರ್ತಾರೆ ಬಿಡಿ."

ಗೌಡರು ಖಾಲಿ ಕುರ್ಚಿಯೊಂದನ್ನು ಸಾಲಿಗೆ ಸರಿಸಿದರು. ನಾನೂ ಸುಮ್ಮನಿರಬಹುದಿತ್ತು. "ಇಲ್ಲ ಸರ್, ಅವ್ರ್ಯಾರೂ ನೋಡಿಲ್ಲ. ನಾನೂ ನೋಡಿಲ್ಲ" ಎಂದೆ. ಧ್ವನಿ ಹಾಜರಿ ಕೂಗುವ ಧ್ವನಿಯಂತೆಯೇ ಇತ್ತು.

ಗೌಡರು ನನ್ನ ಕಡೆ ನೋಡಲಿಲ್ಲ. ಮೇಲೆ ಗಾಳಿಗೆ ಪಟಪಟ ಎನ್ನುತ್ತಿದ್ದ ಟಾರ್ಪಾಲನ್ನು ನೋಡಿದರು. ಮಾತಾಡಿದವರು ಗೌಡತಿಯಮ್ಮ. "ಕರಿ ಅವ್ರನ್ನ. ನಿನ್ನ ಅವ್ವನ್ನೂ ಕರಿ" ಎಂದರು. ನನಗೆ ಅವರು ಹೇಳಿದ ಮೊದಲನೆಯ ಮಾತೇ ಅದು ಅಂದರೆ ಹೆಚ್ಚಾಗಲಾರದು.

ಕರೆದರೆ ಬರಬೇಕಲ್ಲ. ಸುಮ್ಮನೆ ತಮಾಷೆ ಮಾಡಬೇಡ ಎಂದು ಅವ್ವ ನನಗೇ ಗದರಿದಳು. ಆಮೇಲೆ ಎಲ್ಲರೂ ಹೊರೆ ಇಳಿಸಿ, ನಲ್ಲಿಯ ಹತ್ತಿರ ಕಾಲು ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಒಬ್ಬರ ಹಿಂದೆ ಒಬ್ಬರು ಜಗಲಿ ಹತ್ತಿದರು. ನಾನು ಕೊನೆಯವಳು. ಎಂಜಿನಿಯರ್ ಫೋಟೋ ತೆಗೆಯುತ್ತಿದ್ದರು.

ಒಳಗೆ ಹೋದವರು ಕಂಬವನ್ನು ನೋಡಲಿಲ್ಲ. ಚಾವಡಿಯಲ್ಲಿ ಅಂಗಳದ ಕಡೆಗೆ ಮರದ ಸರಳಿನ ಒಂದು ದೊಡ್ಡ ಕಿಟಕಿ. ಅವ್ವ ಅಲ್ಲಿಗೆ ಹೋಗಿ ಹೊರಗೆ ಬಗ್ಗಿ ನೋಡಿದಳು. ಶನಿವಾರದ ಬಟವಾಡೆಗೆ ತಾವೆಲ್ಲ ಗಂಟೆಗಟ್ಟಲೆ ನಿಲ್ಲುವ ಜಾಗ ಪೂರ್ತಿ ಕಾಣುತ್ತಿತ್ತು.

"ಇಲ್ಲಿಂದ ನಾವು ಕಾಣ್ತಿದ್ವಾ ಅಮ್ಮಾ?" ಎಂದು ಕೇಳಿದಳು.

"ಕಾಣ್ತಿದ್ರಿ" ಎಂದರು ಗೌಡತಿಯಮ್ಮ, ಪ್ರೀತಿಯಿಂದಲೇ. "ಇವ್ಳು ನಿನ್ನ ಹೊಟ್ಟೇಲಿದ್ದಾಗ ಆ ಗೋಡೆಗೆ ಒರಗಿ ನಿಲ್ತಿದ್ದೆ ನೀನು. ನಂಗಿನ್ನೂ ನೆನಪಿದೆ."

ಅವ್ವ ಇನ್ನೊಂದು ಸಲ ಹೊರಗೆ ನೋಡಿದಳು. "ಹಂಗಾದ್ರೆ ಒಂದು ಮಣೆ ಕಳ್ಸಬೋದಿತ್ತಲ್ಲಮ್ಮ" ಎಂದಳು.

ಸಿಟ್ಟಿನಿಂದ ಹೇಳಿದ್ದಲ್ಲ. ಸಾರಿಗೆ ಉಪ್ಪು ಸಾಲದು ಅನ್ನುವ ಹಾಗೆ ಹೇಳಿದ್ದು. ಗೌಡತಿಯಮ್ಮ ಒಳಗೆ ಹೋದರು. ತಾವೇ ಪಾನಕ ತಂದು ಎಲ್ಲರ ಕೈಗೂ ಲೋಟ ಕೊಟ್ಟರು. ಬಾಡಿಗೆ ಕುರ್ಚಿಯಲ್ಲಿ ಮಾತ್ರ ಯಾರೂ ಕೂರಲಿಲ್ಲ.

ಎರಡನೆಯ ಕಂತು ಬಂತು. ಜೂನ್ ಮಳೆ ಹಿಡಿಯುವ ಮೊದಲೇ ಮಾಡು ಮುಗಿಯಿತು. ಚಾವಡಿ ಈಗಲೂ ಗಟ್ಟಿಯಾಗಿದೆ ಎಂದು ಕೇಳಿದ್ದೇನೆ. ನನಗೆ ಸರ್ಕಾರಿ ಕೆಲಸ ಸಿಕ್ಕಿ ಅವ್ವನನ್ನೂ ಕರೆದುಕೊಂಡು ಪೇಟೆಗೆ ಬಂದೆ. ಆ ದಿನದ ಕತೆಯನ್ನು ಬಹಳ ವರ್ಷ ನನ್ನ ಧೈರ್ಯದ ಕತೆಯಾಗಿ ಹೇಳುತ್ತ ಬಂದೆ. ಎಂಜಿನಿಯರಿಗೆ ನಾನು ಕೊಟ್ಟ ಉತ್ತರಕ್ಕೆ ನಿಲ್ಲಿಸಿಬಿಡುತ್ತಿದ್ದೆ. ಅವ್ವನ ಮಾತು ಕತೆಯ ಬಾಲದಂತೆ ಹೊರಗೇ ಉಳಿಯುತ್ತಿತ್ತು.

ಕಳೆದ ವಾರ ಅದನ್ನೆಲ್ಲ ನೆನೆದು ಮುಗಿಸಿ ತಲೆ ಎತ್ತಿದರೆ ಎದುರಿಗೆ ನನ್ನ ಕಿಟಕಿ. ನಾನು ಒಳಗೆ. ಆಚೆ ಸಹಿಗೆ, ನಕಲಿಗೆ ಕಾದು ನಿಂತ ಜನ, ಗೋಡೆಗೆ ಒರಗಿದ ಒಬ್ಬ ಬಸುರಿ. ಹೊರಗೊಂದು ಬೆಂಚು ಬೇಕೆಂದು ಮೇಲಿನವರನ್ನು ಕೇಳಿದೆ. ಅದಕ್ಕೆಲ್ಲ ಅನುದಾನವಿಲ್ಲ ಎಂದರು. ಪೇಟೆಯಿಂದ ನಾನೇ ಮೂರ್ನಾಲ್ಕು ಪ್ಲಾಸ್ಟಿಕ್ ಸ್ಟೂಲು ತಂದು ಹಾಕಿದೆ.

ಅವುಗಳ ಮೇಲೆ ಯಾರೂ ಕೂರುವುದಿಲ್ಲ. ಯಾರಿಗೋ ಇಟ್ಟದ್ದೆಂದು ಪಕ್ಕದಲ್ಲೇ ನಿಂತಿರುತ್ತಾರೆ. ಪ್ರತಿಯೊಬ್ಬರಿಗೂ ಎದ್ದು ಹೊರಗೆ ಹೋಗಿ, ಅದು ನಿಮಗೇ ಹಾಕಿದ್ದು, ಕೂತ್ಕೊಳ್ಳಿ ಅಂತ ಹೇಳಬೇಕು. ಹೇಳುತ್ತಿದ್ದೇನೆ.