ಬಿಸಿ ಗೊರಸಿನ ಗುಮಾನಿ

ಬಂತುಲ್ ಸೀಮೆಯ ಗದ್ದೆಬದುಗಳ ಮೇಲೆ ಬೆಳಕು ಹರಿಯುವ ಮುನ್ನವೇ, ಲಾಯಗಳಿಗೆ ಹುಲ್ಲು ಮಾರುವ ತುಮಿರಾ ಹೊರೆಯನ್ನು ಸೈಕಲ್ಲಿನಿಂದ ಇಳಿಸುತ್ತಾರೆ. ಲಾಯದಲ್ಲಿ ಮಂಡಿಯೂರಿ, ಸೆಕಾರ್ ಎಂಬ ಹೆಣ್ಣುಕುದುರೆಯ ಮುಂಗಾಲಿನ ಗೊರಸಿಗೆ ಅಂಗೈ ಒತ್ತುತ್ತಾರೆ. ಗೊರಸು ಬಿಸಿಯಾಗಿದೆ. ಮುಂಗಾಲಿನ ನೋವಿಗೆ ಕುದುರೆ ಮೈಭಾರವನ್ನೆಲ್ಲ ಹಿಂಗಾಲುಗಳ ಮೇಲೆ ಹೊತ್ತು ನಿಂತಿದೆ.

"ಎಲ್ಲಾ ನಿನ್ ಹುಲ್ಲಿನ ಕರಾಮತ್ತು ಅಕ್ಕ," ಎನ್ನುತ್ತಾರೆ ಅದರ ಒಡೆಯ, ಸಾರೋಟು ಓಡಿಸುವ ಪಾರ್ದಿ. "ಡಾಕ್ಟ್ರಮ್ಮ ಹೇಳಿದ್ರು ಅಂತ ತೌಡು ನಿಲ್ಲಿಸಿ ಎರಡು ತಿಂಗಳಾಯ್ತು, ಈಗ ತಿನ್ನೋದು ಹುಲ್ಲೊಂದೇ. ಇನ್ಯಾರನ್ನ ಬೈಲಿ?"

ಸೆಕಾರ್ ಮತ್ತೆ ಕುಂಟಿದರೆ ಮಾಂಸದ ವ್ಯಾಪಾರಿಗೆ ಕೊಡುವುದೆಂದು ಪಾರ್ದಿ ನಿರ್ಧರಿಸಿದ್ದಾರೆ. ತಪ್ಪು ಹುಲ್ಲಿನದೆಂದಾದರೆ ಊರಿನ ಉಳಿದ ಲಾಯಗಳೂ ತುಮಿರಾರಿಗೆ ಬಾಗಿಲು ಹಾಕುತ್ತವೆ. ವಿಧವೆಯಾದ ಅವರಿಗೆ ಬೇರೆ ಕಸುಬಿಲ್ಲ.

ಸೆಕಾರ್‌ನ ಕತ್ತಿನ ಮೇಲೆದ್ದ ಕೊಬ್ಬಿನ ದಿಂಡನ್ನು ಪಾರ್ದಿ ಕಸುವೆಂದು ಕೊಂಡಾಡುತ್ತಿದ್ದರು. ಅದು ಇನ್ಸುಲಿನ್ ಹದ ತಪ್ಪಿರುವ ಲಕ್ಷಣವೆಂದು ಪಶುವೈದ್ಯೆ ಎಚ್ಚರಿಸಿದ್ದಾರೆ. ಸುಲಭವಾಗಿ ಕೊಬ್ಬುವ ಕುದುರೆಗೆ ವರ್ಷಾನುಗಟ್ಟಲೆ ಧಾನ್ಯ ತಿನ್ನಿಸಿದರೆ ಆ ಹಾರ್ಮೋನು ರಕ್ತದಲ್ಲಿ ಏರಿ, ಗೊರಸಿನೊಳಗಿನ ಪದರಗಳನ್ನು ಸಡಿಲಿಸಬಹುದು. ಎಲ್ಲ ಕುದುರೆಗಳಿಗೂ ಹೀಗಾಗುವುದಿಲ್ಲ. ಹುಲ್ಲಿನೊಳಗಿನ ಸಕ್ಕರೆಯೂ ನಿರಪರಾಧಿಯಲ್ಲ. ವೈದ್ಯೆಯ ಸಲಹೆಯಂತೆ, ಸಕ್ಕರೆ ಕಡಿಮೆಯಿರುವ ನಸುಕಿನಲ್ಲೇ ತುಮಿರಾ ಹುಲ್ಲು ಕೊಯ್ಯುತ್ತಾರೆ.

"ನನ್ ಹುಲ್ಲಿನ ಮೇಲೆ ನಂಗೂ ಅನುಮಾನ ಇದೆ ತಮ್ಮಾ," ಎನ್ನುತ್ತಾರೆ. "ಆದ್ರೆ ಅದೊಂದರ ಮೇಲೇ ಅಲ್ಲ."

ಅವರ ಕಣ್ಣು ಗೋದಲಿಯನ್ನು, ಬಕೆಟ್ಟನ್ನು, ಪಾರ್ದಿಯ ಜೇಬನ್ನೂ ಬಿಡದೆ ಶೋಧಿಸುತ್ತದೆ. ಕೊನೆಗೆ ಕುದುರೆಯ ತುಟಿಯ ಮೀಸೆಗೂದಲಿನಲ್ಲಿ ಒಣಗಿದ ಅನ್ನದ ಅಗುಳೊಂದು ಸಿಗುತ್ತದೆ. ತನಗೇನೂ ಗೊತ್ತಿಲ್ಲವೆಂದು ಪಾರ್ದಿ ಆಣೆಯಿಡುತ್ತಾರೆ. ಅಷ್ಟರಲ್ಲಿ ಅವರ ತಾಯಿ, ಸಾಕಿಯೆಮ್ ಅಜ್ಜಿ, ಒಣಗಿಸಿದ ತಂಗಳನ್ನದ ಮೊರ ಹಿಡಿದು ಲಾಯಕ್ಕೇ ಬರುತ್ತಾರೆ. ಅನ್ನ ಎಸೆದರೆ ಭತ್ತದ ದೇವಿ ಸಿರಿ ಮುನಿಯುತ್ತಾಳೆಂಬುದು ಅಜ್ಜಿಯ ನಂಬಿಕೆ. ಆದ್ದರಿಂದ ಮನೆಯಲ್ಲಿ ಉಳಿದದ್ದೆಲ್ಲ ದಿನವೂ ಸೆಕಾರ್‌ನ ಹೊಟ್ಟೆಗೆ.

"ಡಾಕ್ಟ್ರಮ್ಮ ಧಾನ್ಯ ಬೇಡ ಅಂದ್ರು, ನಿಲ್ಲಿಸಿದ್ವಿ," ಅಜ್ಜಿ ಸಿಡುಕುತ್ತಾರೆ. "ಇದು ಅನ್ನ ಕಣೇ. ಅನ್ನಕ್ಕೆ ಯಾರಾದ್ರೂ ಧಾನ್ಯ ಅಂತಾರಾ?"

ಪಾರ್ದಿ ತಲೆ ತಗ್ಗಿಸುತ್ತಾರೆ. ಆ ಅನ್ನವನ್ನು ತನ್ನ ಬಾತುಕೋಳಿಗಳಿಗೆ ಕೊಡಿ, ಆಗ ದೇವಿಯೂ ಮುನಿಯಳು ಎಂದು ತುಮಿರಾ ಕೇಳಿಕೊಳ್ಳುತ್ತಾರೆ. ಬಾತುಕೋಳಿಗೇ ಹಾಕುವೆಯೋ, ಸಂತೆಯಲ್ಲಿ ಮಾರುವೆಯೋ ಎಂದು ಗೊಣಗುತ್ತಲೇ ಅಜ್ಜಿ ಮೊರವನ್ನು ಅವರ ಕೈಗಿಡುತ್ತಾರೆ.

ಹದ ತಪ್ಪಿದ ಹಾರ್ಮೋನು ಪೂರ್ತಿ ಸರಿಹೋಗುವುದೆಂದು ವೈದ್ಯೆಯೂ ಮಾತು ಕೊಟ್ಟಿಲ್ಲ. ಸದ್ಯಕ್ಕೆ ಬರುವುದು ಬೇಡವೆಂದು ಪಾರ್ದಿ ಮಾಂಸದ ವ್ಯಾಪಾರಿಗೆ ಹೇಳಿಕಳಿಸುತ್ತಾರೆ. ಆ 'ಸದ್ಯಕ್ಕೆ'ಯ ಮೇಲೂ ತುಮಿರಾರಿಗೆ ನಂಬಿಕೆಯಿಲ್ಲ. ಅವರು ಬಯಸುವುದು ಇಷ್ಟೇ:

"ಇನ್ಮೇಲೆ ಕುದುರೆ ಕುಂಟಿದ್ರೆ ಏನು ತಿನ್ನಿಸಿದ್ರಿ ಅಂತ ಮೊದ್ಲು ಮನೆಯವ್ರನ್ನ ಕೇಳಿ. ಆಮೇಲೂ ನನ್ನ ಬೈಬೇಕು ಅನ್ನಿಸಿದ್ರೆ ಬೈರಿ. ನಾನೆಲ್ಲಿಗೆ ಹೋಗ್ತೀನಿ, ನಾಳೆ ಹುಲ್ಲು ತರೋಳು ನಾನೇ ಅಲ್ವಾ?"